ಎರವಲು ಅಪ್ಪ

೭ ಜನವರಿ ೨೦೦೧, ಭಾನುವಾರ. ಬೆಳಿಗ್ಗೆ

ಹಾಲಿನವ ತಡ. ಪೇಪರಿನವ ಇನ್ನೂ ತಡ. ವಾಚನಾಲಯಕ್ಕೆ ಹೊರಡಬೇಕು, ಅಷ್ಟರಲ್ಲಿ ದುಂಡಪ್ಪ. ಹೆಂಡತಿ ಶಿವಬಸವ್ವನ ತಮ್ಮ. ಶಹಾಪುರದಲ್ಲಿ ನೂಲಿನ ವ್ಯಾಪಾರ, ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್. ಕೈಯಲ್ಲಿ ಕುಂದಾದ ಡಬ್ಬಿ. ಇವನು ಡಬ್ಬಿ ತಂದಾಗಲೆಲ್ಲ ನನಗೆ ಅನುಮಾನ. ಮಗನ ಪ್ರಾಕ್ಟಿಕಲ್ ಮಾರ್ಕ್ಸಿಗೆ ಯಾರಿಗಾದರೂ ಹೇಳಿ ಎಂದು ಬಂದಾಗಲೂ ಇಂಥದ್ದೇ ಡಬ್ಬಿ ಇತ್ತು. ಅವನು ಮರೆತಿದ್ದಾನೆ. ನಾನು ಮರೆತಿಲ್ಲ.

ಈ ಸಲ ಅದೇ ಮಗ ಚೇತನನ ಮದುವೆ. ಹುಡುಗ ಮಚ್ಛೆಯ ಒಂದು ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಹುಡುಗಿ ಅಲ್ಲೇ ಇನ್‌ಸ್ಪೆಕ್ಷನ್ನಿನಲ್ಲಿ. ಖಾನಾಪುರದವಳು. ಕಾರ್ಮೆಲಿನ್ ಸೋಜ. ಕ್ಯಾಥೊಲಿಕ್. ತಾಯಿ ತೀರಿದ್ದಾಳೆ. ತಂದೆ ಇನಾಸ್, ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಾನೆ.

ದುಂಡಪ್ಪನ ಮನೆಯಲ್ಲಿ ಎರಡು ವರ್ಷ ರಂಪ ನಡೆದಿತ್ತು. ಅತ್ತದ್ದು, ಊಟ ಬಿಟ್ಟದ್ದು, ಎಲ್ಲ. ಈಗ ಒಪ್ಪಿದ್ದಾರಂತೆ. ಸಂತೋಷ ಎಂದೆ. ಕುಂದಾ ಬಾಯಿಗೆ ಹಾಕಿದೆ. ಆಗ ವಿಷಯಕ್ಕೆ ಬಂದ.

"ಈರಯ್ಯಾರು ಹುಡಿಗಿಗೆ ಲಿಂಗಾ ಕಟ್ಟತಾರ್ರಿ ಮಾಮಾ. ಆಮ್ಯಾಲ ನೀವು, ಅಕ್ಕ ಆಕೀನ ಉಡ್ಯಾಗ ಕುಂದರ್ಸಿಕೊಂಡ್ರ ಮುಗೀತು. ಆಕಿ ನಿಮ್ಮ ಮಗಳು. ಧಾರಿ ಎರ್ಯಾವ್ರು ನೀವಿಬ್ಬರು."

"ಆಕೀಗಿ ಅಪ್ಪ ಅದಾನಲ್ಲೋ?"

"ಅದಾನ್ರಿ. ಬರಲಿ, ಊಟಾ ಮಾಡಲಿ. ಫಸ್ಟ್‌ಕ್ಲಾಸ್ ಖುರ್ಚಿ ಹಾಕಸ್ತೀನಿ. ಹಂದರದಾಗ ನಿಂದ್ರಾಕ ಮಾತ್ರ... ಮಂದಿ ಕೇಳ್ತಾರಲ್ರಿ, ಯಾರ ಪೈಕಿ ಅಂತ."

ಆಮೇಲೆ ತಾನೇ ಕಂಡುಹಿಡಿದವನಂತೆ ಮುಖ ಅರಳಿಸಿದ. "ಅಕ್ಕನ ಮಗಳಂದ್ರ ಚೇತನಗ ಸ್ವಾದರತ್ತಿ ಮಗಳಾದ್ಲಲ್ರಿ! ಹೊರಗಿನ ಸಂಬಂಧನ ಅಲ್ಲ ಅದು. ಒಳಗಿಂದು!"

ಖಾನಾಪುರದ ಕ್ರಿಶ್ಚಿಯನ್ ಹುಡುಗಿ ಒಂದು ಸಂಜೆಯಲ್ಲಿ ಸೋದರತ್ತೆಯ ಮಗಳು. ಜಾತಿಯೂ ಉಳಿಯಿತು, ಮಗನೂ ಉಳಿದ, ಮೇಲೊಂದು ಹತ್ತಿರದ ನೆಂಟಸ್ತನ. ಕುಂದಾದ ಡಬ್ಬಿ ಮುಚ್ಚಿದೆ.

ಮೂರು ವರ್ಷದ ಹಿಂದೆ ಜಯಂತಿಯ ವೇದಿಕೆಯಲ್ಲಿ ಇದೇ ದುಂಡಪ್ಪ ಹಾರ ಹಾಕಿಸಿಕೊಂಡು ಭಾಷಣ ಮಾಡಿದ್ದ. ಎಂಟುನೂರು ವರ್ಷದ ಹಿಂದೆ ಕಲ್ಯಾಣದಲ್ಲಿ ಸಮಗಾರರ ಹುಡುಗನಿಗೆ ಬ್ರಾಹ್ಮಣರ ಹುಡುಗಿಯನ್ನು ತಂದ ಶರಣರು, ಅದಕ್ಕಾಗಿ ಹರಿದ ರಕ್ತ... ಗದ್ಗದ. ಚಪ್ಪಾಳೆ. ಭಾಷಣ ಬರೆದುಕೊಟ್ಟದ್ದು ನಾನೇ, ಗೊತ್ತಿದೆ ನನಗೆ. ಆ ಕಲ್ಯಾಣದಲ್ಲಿ ಮಕ್ಕಳಿಗೆ ಬೇರೆ ಅಪ್ಪಂದಿರನ್ನು ಹುಡುಕಿರಲಿಲ್ಲ.

ಆಗುವುದಿಲ್ಲ ಎಂದೆ. ದುಂಡಪ್ಪ ಅಕ್ಕನ ಕಡೆ ನೋಡಿದ. ನಾನೂ ನೋಡಿದೆ. ಆಕೆ ನೆಲ ನೋಡುತ್ತಿದ್ದಳು.

೮ ಜನವರಿ

ಶಿವಬಸವ್ವನ ಮಾತಿಲ್ಲ. ಪಾತ್ರೆಗಳದೇ ಮಾತು. ಸಂಜೆ ಚಹಾ ಕುಕ್ಕಿ ಇಟ್ಟು ಅಂದಳು:

"ಎರಡೂ ಗಂಡ ಹಡದೆ. ಎರಡೂ ಲಗ್ನದಾಗ ಮಂದಿ ಮಗಳ್ನ ಕರಕೊಂಡ ಬಂದೆ. ಒಮ್ಮೆರ ಕೊಡಬೇಕಂತ ಇರತೈತಿ ಹೆಂಗಸಿಗೆ. ನಿಮ್ಮ ಪುಸ್ತಕದಾಗ ಬರದಿಲ್ಲೇನು ಅದು?"

"ಆಕಿ ಇನ್ನೊಬ್ಬನ ಮಗಳು."

"ನಾ ಕಸಗೊಳ್ಳಾಕ ಹೊಂಟಿಲ್ಲ. ಅವರ ತಂದು ಉಡ್ಯಾಗ ಹಾಕ್ತಾರ."

ಚಹಾದ ಲೋಟ ಎತ್ತಿಕೊಂಡು ಹೊರಗೆ ಬಂದೆ, ನಲವತ್ತು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದವನು.

೧೪ ಜನವರಿ, ಸಂಕ್ರಾಂತಿ

ಚೇತನ ಹುಡುಗಿಯನ್ನು ಕರೆತಂದ. ಕುಸುರೆಳ್ಳು ಕೊಟ್ಟಳು. ಕಾಲಿಗೆ ಬೀಳಲಿಲ್ಲ, ಕೈ ಮುಗಿದಳು. ಹಿಡಿಸಿತು. ಮಾತು ನೇರ.

"ನೀವು ಒಲ್ಲೆ ಅಂದ್ರಂತ, ಸರ್. ಈಗ ಯಾರೋ ಲಕ್ಷ್ಮಪ್ಪ ಅನ್ನಾವ್ರನ್ನ ಹುಡುಕ್ಯಾರ. ಕಂಟ್ರಾಕ್ಟರ್. ನಮ್ಮ ಪಪ್ಪಾ ಊಟಕ್ಕೂ ಬರೂದು ಬ್ಯಾಡ, ಫೋಟೋದಾಗ ಕಾಣ್ತಾರ ಅಂದಾರಂತ. ನೀವಾದ್ರ ಪಪ್ಪಾನ್ನ ಬಾಜೂಕ ನಿಂದರಸ್ತೀರಿ ಅನ್ನಿಸ್ತು."

ರಿಜಿಸ್ಟ್ರಾರ್ ಹತ್ತಿರ ಯಾಕೆ ಹೋಗಲಿಲ್ಲ ಎಂದು ಚೇತನನಿಗೆ ಕೇಳಿದೆ. "ಒಂದ ತಿಂಗಳ ಬೋರ್ಡಿಗೆ ನೋಟಿಸ್ ಹಚ್ಚತಾರ, ಮಾವಾ. ಯಾರರ ಓದಿ ಗಲಾಟಿ ಎಬ್ಬಿಸಿದ್ರ? ಇದೊಂದು ದಿನದ ಮಾತು, ಮುಗದ ಹೋಗತೈತಿ." ಒಂದು ದಿನದ ಮಾತು! ಒಳ್ಳೆಯ ಹುಡುಗನೇ. ಬೆನ್ನಿಗೆ ಮಾತ್ರ ಎಲುಬು ಹಾಕುವುದನ್ನು ಮರೆತಿದ್ದಾರೆ.

ಹೊಸ ಹೆಸರೂ ತಯಾರಂತೆ. ಪದ್ಮಶ್ರೀ. ಹುಡುಗಿ ನಕ್ಕಳು. "ಯಾವ ಸಾಧನೆಗೆ ಕೊಟ್ರೋ, ಸರ್."

ಲಿಂಗ ಕಟ್ಟಿಸಿಕೊಳ್ಳಲು ಅವಳದೇನೂ ಅಡ್ಡಿಯಿಲ್ಲ. "ಅದು ನನ್ನ ಕೊರಳು, ನಾ ಒಪ್ಪೀನಿ. ಆದ್ರ ನಿಮಗ ಅಪ್ಪ ಅನ್ನಾಂಗಿಲ್ಲ. ಸಿಟ್ಟಾಗಬ್ಯಾಡ್ರಿ."

ಆಗಲಿಲ್ಲ. ಒಪ್ಪಿದೆ. ಒಂದೇ ಷರತ್ತು: ಧಾರೆಯ ಹೊತ್ತಿಗೆ ಇನಾಸ್ ಹಂದರದಲ್ಲಿ, ನನ್ನ ಪಕ್ಕದಲ್ಲಿ. ತಂಬಿಗೆಗೆ ಅವನ ಕೈಯೂ ಬೇಕು. ಶಿವಬಸವ್ವ ಆಗಲೇ ಹುಡುಗಿಗೆ ಕುಂಕುಮ ಹಚ್ಚಲು ಎದ್ದಿದ್ದಳು, ಕೇಳದೆ.

೨೧ ಜನವರಿ. ಖಾನಾಪುರದಿಂದ ಬಂದು

ಒಂದು ಮಾತು ಕೇಳದೆ ಒಬ್ಬನ ಮಗಳನ್ನು ಮಗಳೆನ್ನುವುದು ಹೇಗೆ? ಬಸ್ಸು ಹಿಡಿದು ಹೋದೆ, ಒಬ್ಬನೇ. ಕಾರ್ಖಾನೆಯ ಹಿಂದಿನ ಓಣಿ. ಇನಾಸ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದ. ಕೈಗಳು ಕಾವಿಗೆ ಬೆಂದು ಕೆಂಪಾಗಿವೆ. ಮಾತಿನಲ್ಲಿ ಕೊಂಕಣಿ, ಮರಾಠಿ, ಕನ್ನಡ ಮೂರೂ. ನಾನು ಬಂದ ಕಾರಣ ಹೇಳಿದೆ. ಉಳಿದ ಗುಂಡಿಗಳನ್ನು ಹಾಕಿ ಮುಗಿಸಿದ.

"ಮಾಸ್ತರ, ಒಂದ್ ಕೆಲಸ ಮಾಡೂಣು. ನನಗೂ ಕಟ್ಟಸ್ರಿ."

"ಏನು?"

"ಲಿಂಗಾ. ಪೋರಿಗೆ ಕಟ್ಟತಾರಲ್ಲ, ಬಾಜೂಕ ನನಗೊಂದು. ಆಮ್ಯಾಲ ನಾನೂ ನಿಮ್ಮವನ. ಆಗ ಧಾರಿ ಎರೀಬಹುದಲ್ಲ?"

ಹೇಳುತ್ತ ಹೇಳುತ್ತ ಕೊರಳಿನ ಮೇರಿಮಾತೆಯ ಪದಕವನ್ನು ಬೆರಳಿನಿಂದ ಅಂಗಿಯೊಳಗೆ ತಳ್ಳಿದ. ನನಗೆ ನೋಡಲಾಗಲಿಲ್ಲ.

ನಿಮ್ಮ ಚರ್ಚಿನವರು ಏನಂತಾರೆ ಎಂದೆ. "ಅವರೂ ಸಾದಾ ಇಲ್ಲ ಬಿಡ್ರಿ. ಹುಟ್ಟೂ ಮಕ್ಕಳೆಲ್ಲ ನಮ್ಮವು ಅಂತ ಮಾತು ಕೊಡ್ರಿ, ಆಮ್ಯಾಲ ಆಶೀರ್ವಾದ ಅಂದ್ರು. ಲಗ್ನನ ಆಗಿಲ್ಲ, ಎರಡೂ ಕಡೆ ಮಕ್ಕಳ ಪಾಲು ಹಂಚಾಕತ್ತಾರ."

ನಕ್ಕ. ನಾನೂ ನಕ್ಕೆ. ಬಸ್ಸಿನಲ್ಲಿ ನಗು ಉಳಿಯಲಿಲ್ಲ. ಅರವತ್ತರ ಮನುಷ್ಯ ಹುಟ್ಟಿನಿಂದ ಬಂದ ದೇವರನ್ನು ಬಿಡಲು ತಯಾರು. ಒಂದು ತಂಬಿಗೆ ನೀರು ಹಿಡಿಯುವ ಹಕ್ಕಿಗಾಗಿ.

೨೩ ಜನವರಿ

ಶಹಾಪುರ. ದುಂಡಪ್ಪನ ಅಂಗಡಿ. ಪುರೋಹಿತ ಈರಯ್ಯನವರೂ ಇದ್ದರು. ಇನಾಸನ ಮಾತು ಹೇಳಿದೆ. ಈರಯ್ಯ ಬಾಯೊಳಗಿನ ಎಲೆ ಅಡಿಕೆಯ ಮಗ್ಗುಲು ಬದಲಿಸಿದರು.

"ವಯಸ್ಸಾದವರಿಗೆ ಕಟ್ಟೂ ಪದ್ಧತಿ ನಮ್ಮಲ್ಲಿ ಕಡಿಮಿರಿ."

"ಯಾವ ಪದ್ಧತಿ? ಎಲ್ಲಿ ಹೇಳೈತಿ?"

"ನೀವು ಓದಿದವ್ರು. ನಿಮ್ಮ ಕೂಡ ವಾದಾ ಯಾಕ?"

ದುಂಡಪ್ಪ ನೇರ ಬಂದ. ಅಷ್ಟರ ಮಟ್ಟಿಗೆ ಅವನೇ ಮೇಲು. "ಹುಡಿಗಿ ಬಂದ್ರ ಒಬ್ಬಾಕಿ ಬರತಾಳ್ರಿ ಮಾಮಾ. ಅಪ್ಪಗ ಕಟ್ಟಿದ್ರ ಅವನ ಹಿಂದ ಕಾಕಾ, ಚಿಗವ್ವ, ಇಡೀ ಖಾನಾಪುರ ಬಂದು ಪಂಕ್ತ್ಯಾಗ ಕುಂದರತೈತಿ. ನಾಳೆ ನನ್ನ ಮಗಳಿಗೆ ಅವರ ಪೈಕಿ ವರಾ ತಂದ್ರ? ಒಲ್ಲೆ ಅನ್ನಾಕ ಬಾಯಿ ಎಲ್ಲಿರತೈತಿ?"

ಅಂದರೆ ಲಿಂಗದ ಮೇಲೆ ಅವರಿಗೇ ನಂಬಿಕೆ ಇಲ್ಲ. ಕಟ್ಟಿದರೆ ಎಲ್ಲರೂ ಒಂದೇ ಎಂದು ವೇದಿಕೆಯಲ್ಲಿ ಹೇಳುವುದು, ನಿಜವಾಗಿ ಒಂದೇ ಆಗಿಬಿಟ್ಟರೆ ಎಂಬ ಹೆದರಿಕೆ ಅಂಗಡಿಯಲ್ಲಿ. ಹುಡುಗಿಗೆ ಕಟ್ಟುವುದು ಅವಳ ಹಳೆಯ ಮನೆಯನ್ನು ಅಳಿಸಲು. ಅಪ್ಪನಿಗೆ ಕಟ್ಟಿದರೆ ಆ ಮನೆ ನಡೆದು ಒಳಗೆ ಬರುತ್ತದೆ. ಥೂ.

ಪಕ್ಕದಲ್ಲಿ ನಿಲ್ಲಲಾದರೂ ಬಿಡುತ್ತೀಯೋ ಇಲ್ಲವೋ ಎಂದೆ. "ನಿಂದರಲಿ ಬಿಡ್ರಿ, ನಿಮ್ಮ ಮಾತಿಗೆ." ಬೇಗ ಒಪ್ಪಿದ. ಅಷ್ಟು ಬೇಗ ಒಪ್ಪಿದಾಗಲೇ ನನಗೆ ತಿಳಿಯಬೇಕಿತ್ತು.

೫ ಫೆಬ್ರವರಿ, ಸೋಮವಾರ. ಮಧ್ಯಾಹ್ನ

ಮುಗಿಯಿತು.

ನಿನ್ನೆ ಸಂಜೆ ದೀಕ್ಷೆ. ವಿಭೂತಿ, ಕಿವಿಯಲ್ಲಿ ಮಂತ್ರ, ಕೊರಳಿಗೆ ಲಿಂಗ. ಶಿವಬಸವ್ವ ಕಾಲು ಚಾಚಿ ಕುಳಿತು ಅವಳನ್ನು ಉಡಿಗೆ ತೆಗೆದುಕೊಂಡಳು. ಇಪ್ಪತ್ತಾರರ ಹುಡುಗಿ, ಭಾರ ಹಾಕದಂತೆ ಅಂಗೈ ನೆಲಕ್ಕೆ ಊರಿದ್ದಳು. ಶಿವಬಸವ್ವನ ಕಣ್ಣು ತುಂಬಿತ್ತು. ಇನಾಸ್ ಬಾಗಿಲ ಹತ್ತಿರ ನಿಂತು ನೋಡಿದ. ಯಾರೂ ಅವನಿಗೆ ಒಳಗೆ ಬಾ ಎನ್ನಲಿಲ್ಲ. ನಾನು ಹೋಗಿ ಕೈ ಹಿಡಿದು ಕರೆತಂದೆ.

ಇವತ್ತು ಹಂದರ. ಇನಾಸ್ ಬಿಳಿ ಧೋತ್ರ ಉಟ್ಟು ಬಂದಿದ್ದ. ಯಾರು ಉಡಿಸಿದರೋ, ನಡೆಯಲು ಬರುತ್ತಿರಲಿಲ್ಲ. ನನ್ನ ಪಕ್ಕದಲ್ಲೇ ನಿಂತಿದ್ದ. ವಾಲಗ ಜೋರಾಯಿತು. ತಂಬಿಗೆ ಕೈಗೆ ಬಂತು. ತಿರುಗಿ ನೋಡುತ್ತೇನೆ, ಇನಾಸ್ ಇಲ್ಲ.

"ಎಲ್ಲಿ?"

"ಬರ್ತಾರ, ಬರ್ತಾರ. ಮುಹೂರ್ತ ಮೀರತೈತಿ, ಎರೀರಿ." ಈರಯ್ಯ.

ಹುಡುಗಿ ಕತ್ತು ತಿರುಗಿಸಿ ಅಡಿಗೆಯ ಶೆಡ್ಡಿನ ಕಡೆ ನೋಡುತ್ತಿದ್ದಳು. ತಲೆ ನೇರ ಮಾಡವ್ವಾ ಎಂದು ಯಾರೋ ಗದ್ದ ಹಿಡಿದು ತಿರುಗಿಸಿದರು. ಮೇಲಿಂದ ಅಕ್ಷತೆ ಬಿತ್ತು. ಶಿವಬಸವ್ವನ ಕೈ ತಂಬಿಗೆ ಬಾಗಿಸಿತು. ನನ್ನ ಕೈ ಅವಳ ಕೈ ಕೆಳಗಿತ್ತು. ನಾನೂ ಎರೆದೆ. ಎರೆದೆ!

ಆಮೇಲೆ ಶೆಡ್ಡಿಗೆ ಹೋದೆ. ಇನಾಸ್ ದೊಡ್ಡ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಧೋತ್ರಕ್ಕೆ ಮಸಿ. ಕಣ್ಣು ಕೆಂಪು.

"ಬೀಗರು ಬಂದು, ಕಟಗಿ ಹಸಿ ಅದಾವ, ಬೆಂಕಿ ಹತ್ತವಲ್ದು, ನಿಮಗ ಭಟ್ಟಿ ಗೊತ್ತಲ್ರಿ, ಎರಡ ಮಿನಿಟ ನೋಡ್ರಿ ಅಂದ್ರು. ಅನ್ನ ಕೆಡಬಾರದಲ್ಲ, ಮಾಸ್ತರ. ಮಗಳ ಲಗ್ನದಾಗ."

ಹೊರಗೆ ಪಟಾಕಿ. ಅವನಿಗೆ ಗೊತ್ತಾಯಿತು. ಒಲೆಯೊಳಗಿನ ಕಟ್ಟಿಗೆಯನ್ನು ಮತ್ತೊಮ್ಮೆ ಸರಿ ಮಾಡಿದ. "ಹೊಗಿ ಭಾಳ ಐತಿ" ಎಂದ, ಕಣ್ಣು ಒರೆಸಿಕೊಂಡು.

ದುಂಡಪ್ಪನನ್ನು ಹಿಡಿದು ಕೇಳಿದೆ. "ಅಯ್ಯ, ಅವರ ತಾವಾಗೇ ಹೋದ್ರಲ್ರಿ! ಮನಿಯವ್ರಂಗ ಕೆಲಸಾ ಮಾಡಾಕತ್ತಾರ, ಎಷ್ಟ ಚಂದ ಅಲ್ಲ?" ಎಂದು ಪಕ್ಕದವರಿಗೆ ಪಾನ್ ಕೊಟ್ಟ.

ಊಟ ಮಾಡದೆ ಬಂದೆ.

೮ ಫೆಬ್ರವರಿ, ಗುರುವಾರ. ಬೆಳಿಗ್ಗೆ ಏಳು

ಇವತ್ತು ಹೊಸ ಮದುಮಗಳನ್ನು ತವರಿಗೆ ಕರೆಯುವ ದಿನ. ಅಪ್ಪನಾದವನು ಬೀಗರ ಮನೆಗೆ ಹೋಗಿ ಮಗಳು ಅಳಿಯನನ್ನು ಕರೆತರಬೇಕು. ಕರೆದೊಯ್ಯಬೇಡ ಎನ್ನಲು ಬೀಗರಿಗೆ ಬಾಯಿಲ್ಲ. ಪದ್ಧತಿ. ಅಪ್ಪ ನಾನು. ಅವರೇ ಮಾಡಿದ ಅಪ್ಪ.

ಬಾಡಿಗೆಗೆ ಟ್ರ್ಯಾಕ್ಸ್ ಗಾಡಿ ಹೇಳಿದ್ದೇನೆ. ಶಿವಬಸವ್ವ ಹೂರಣ ರುಬ್ಬುತ್ತಿದ್ದಳು. ಹೇಳಿಬಿಟ್ಟೆ.

"ಗಾಡಿ ಇಲ್ಲಿಗೆ ಬರಾಂಗಿಲ್ಲ. ಖಾನಾಪುರಕ್ಕ ಹೋಗತೈತಿ."

ಒರಳು ನಿಂತಿತು. ಜಗಳವಾಡುತ್ತಾಳೆ ಎಂದುಕೊಂಡೆ. ಮಗಳು ಮನೆಗೆ ಬರುತ್ತಾಳೆಂದು ಎರಡು ದಿನದಿಂದ ಮನೆ ಸಾರಿಸಿದವಳು. ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದಳು. ತೆಂಗಿನಕಾಯಿ, ಅಕ್ಕಿ, ಕುಪ್ಪಸದ ಖಣ ಚೀಲಕ್ಕೆ ತುಂಬುತ್ತಿದ್ದಾಳೆ.

"ಉಡಿ ತುಂಬೂ ಸಾಮಾನ ಆ ಗಂಡಸಿನ ಮನ್ಯಾಗ ಎಲ್ಲಿರಬೇಕು? ನೋಡಕೋತ ನಿಂತೀರಲ್ಲ, ದೊಡ್ಡ ಡಬ್ಬಿ ಇಳಸ್ರಿ. ಹೋಳಿಗಿ ಅಲ್ಲೇ ಮಾಡ್ತೀನಿ."

ಅದೇ ದಿನ. ಖಾನಾಪುರ, ಇನಾಸನ ಕಟ್ಟೆಯ ಮೇಲೆ

ನಮ್ಮ ಟಿಳಕವಾಡಿ ದಾಟಿದಾಗ ಹುಡುಗಿ ಅಂದಳು, "ಸರ್, ನಿಮ್ಮ ಮನಿ ಹಿಂದ ಉಳೀತು." "ತವರಿಗೆ ಹೊಂಟೀವಿ" ಎಂದೆ. ಮಚ್ಛೆ ದಾಟಿತು. ಆಮೇಲೆ ಅತ್ತಳು, ಸದ್ದಿಲ್ಲದೆ, ಶಿವಬಸವ್ವನ ಹೆಗಲ ಮೇಲೆ.

ಚೇತನ: "ಅಪ್ಪ ಬೈತಾನ, ಮಾವಾ."

"ಬೈಲಿ. ಅತ್ತಿ ಮನಿಗೆ ಹೊಂಟೀಯಪಾ, ಆರಾಮ ಕುಂದರು."

ಕಾರ್ಖಾನೆಗೆ ಹೇಳಿಕಳಿಸಿದೆವು. ಇನಾಸ್ ಓಡುತ್ತ ಬಂದ. ಹೊಸ್ತಿಲ ಹೊರಗೆ ಮಗಳು. ಅವನಿಗೆ ಏನೂ ತೋಚದು.

"ಏನ್ ಮಾಡಬೇಕ್ರಿ ಈಗ, ಮಾಸ್ತರ? ಪದ್ಧತಿ ಹೇಳ್ರಿ."

"ನಿಮ್ಮ ಮನಿ. ನಿಮ್ಮ ಮಗಳು. ನಾ ಏನ್ ಹೇಳಲಿ?"

ಹೆಬ್ಬೆರಳಿನಿಂದ ಅವಳ ಹಣೆಗೆ ಸಣ್ಣದೊಂದು ಶಿಲುಬೆ ಎಳೆದ, ವಿಭೂತಿಯ ಮೇಲೇ. ಅವಳು "ಪಪ್ಪಾ" ಎಂದಳು. ಶಿವಬಸವ್ವ ಆಗಲೇ ಒಳಗೆ ಹೋಗಿ ಒಲೆ ಹುಡುಕುತ್ತಿದ್ದಳು.

ಈಗ ಹೂರಣದ ವಾಸನೆ ಬರುತ್ತಿದೆ. ಅಪ್ಪ ಮಗಳು ಕೊಂಕಣಿಯಲ್ಲಿ ಏನೋ ಜಗಳವಾಡುತ್ತಿದ್ದಾರೆ, ಚಹಾಕ್ಕೆ ಸಕ್ಕರೆ ಹೆಚ್ಚಾಯಿತಂತೆ. ಬಹಳ ದಿನದ ಮೇಲೆ ಹಸಿವು.

ಓಣಿಯ ತುದಿಯಲ್ಲಿ ಜೀಪು. ದುಂಡಪ್ಪನದೇ. ನಮ್ಮ ಮನೆಗೆ ಬೀಗ ಕಂಡು ಊಹಿಸಿರಬೇಕು. ಪಕ್ಕದಲ್ಲಿ ಈರಯ್ಯ ಬೇರೆ. ಇಳಿಯುವ ಮೊದಲೇ ಕೂಗಾಟ. ಓಣಿಯ ಬಾಗಿಲೆಲ್ಲ ತೆರೆದವು. ನಾನು ಪೆನ್ನು ಮುಚ್ಚಿ ಏಳುವಷ್ಟರಲ್ಲಿ ಇನಾಸ್ ಹೊರಗೆ ಬಂದ. ನನ್ನ ಭುಜ ಒತ್ತಿ ಕೂರಿಸಿದ.

"ನೀವು ಕುಂದರ್ರಿ, ಮಾಸ್ತರ. ಬರೀರಿ." ಅಂಗಿಯ ಕಾಲರ್ ಸರಿ ಮಾಡಿಕೊಂಡ. "ಬೀಗರು ನಮ್ಮ ಮನಿಗೆ ಬಂದಾರ. ಕಾಲಿಗೆ ನೀರು ನಾ ಕೊಡಬೇಕು."

ತಂಬಿಗೆ ತುಂಬಿಕೊಂಡು ಮೆಟ್ಟಿಲು ಇಳಿಯುತ್ತಿದ್ದಾನೆ. ದುಂಡಪ್ಪನ ಬಾಯಿ ಒಮ್ಮೆಲೇ ಮುಚ್ಚಿತು. ತಂಬಿಗೆ ನೋಡುತ್ತಿದ್ದಾನೆ; ಆ ನೀರು ಮುಟ್ಟಿದರೆ ಅವನ ಬೀಗ ಇನಾಸ್, ನಾನಲ್ಲ. ಒಂದು ಕಾಲು ಇನ್ನೂ ಜೀಪಿನೊಳಗೇ —