ಮುಚ್ಚಳ ಮುಚ್ಚಿ ತೆಗೆದ ಚಿತ್ರ

ಚಳ್ಳಕೆರೆ
18-2-2003

ಪ್ರೀತಿಯ ಅಪ್ಪಾ,

ಹಿಮ್ಮಡಿಯ ಬಿರುಕು ವಾಸಿಯಾಯಿತೇ? ರಾಯದುರ್ಗದ ಕಡೆ ಕುರಿಗಳಿಗೆ ಮೇವು ಸಿಕ್ಕಿತೇ? ಅವ್ವ ಕೊಟ್ಟ ಮುಲಾಮನ್ನು ಹಚ್ಚದೆ ಗಂಟಿನಲ್ಲೇ ಇಟ್ಟಿರುತ್ತೀಯ, ಗೊತ್ತು. ನಾವೆಲ್ಲ ಚೆನ್ನಾಗಿದ್ದೇವೆ. ಪತ್ರವನ್ನು ಜಂಪಣ್ಣನ ಹೋಟೆಲಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಅಲ್ಲಿ ಯಾರಿಂದಲೂ ಓದಿಸಬೇಡ. ನೀನೇ ನಿಧಾನವಾಗಿ ಓದಿಕೋ.

“ನನ್ ಮಗ್ಳು ಹೊಸಾ ಚುಕ್ಕಿ ಕಂಡ್ಹಿಡ್ದವ್ಳೆ ಕಣ್ರೋ” ಎಂದು ನಮ್ಮೂರು ಬಿ.ಜಿ. ಕೆರೆಯಲ್ಲೆಲ್ಲ ಹೇಳಿಕೊಂಡು ಬಂದೆಯಲ್ಲ, ಆ ನಕ್ಷತ್ರದ ಮೇಲೆ ನನಗೆ ಅನುಮಾನ ಬಂದಿದೆ. ಬಾಹ್ಯಾಕಾಶದ ದೂರದರ್ಶಕ ಕಳಿಸಿದ ಚಿತ್ರಗಳನ್ನು ತಿದ್ದುವುದು ಕಾಲೇಜಿನಲ್ಲಿ ನನ್ನ ಕೆಲಸ. ಅಲ್ಲಿನ ಕಿರಣಗಳ ಹೊಡೆತಕ್ಕೆ ಕ್ಯಾಮೆರಾದ ಕೆಲವು ಬಿಂದುಗಳು ಕೆಟ್ಟು, ಬೆಳಕಿಲ್ಲದಿದ್ದರೂ ಮಿನುಗುತ್ತವೆ. ಅದಕ್ಕೇ ತಿಂಗಳಿಗೊಮ್ಮೆ ಮುಚ್ಚಳ ಮುಚ್ಚಿ ಬರೀ ಕತ್ತಲೆಯ ಚಿತ್ರ ತೆಗೆಯುತ್ತಾರೆ. ಆಕಾಶದ ಚಿತ್ರದಿಂದ ಆಯಾ ತಿಂಗಳ ಕತ್ತಲೆಯ ಚಿತ್ರವನ್ನು ಕಳೆದರೆ ನಿಜವಾದ ನಕ್ಷತ್ರಗಳಷ್ಟೇ ಉಳಿಯಬೇಕು. ಮೊನ್ನೆ ನೋಡಿದರೆ, ದೂರದರ್ಶಕ ಬೇರೆ ಕಡೆ ತಿರುಗಿದಾಗಲೂ ನಮ್ಮ ನಕ್ಷತ್ರ ಚಿತ್ರದ ಅದೇ ಮೂಲೆಯಲ್ಲಿತ್ತು! ಆಕಾಶದ್ದಾಗಿದ್ದರೆ ಜಾಗ ಬದಲಿಸಬೇಕಿತ್ತು. ಯಾರೋ ಹಳೆಯ ತಿಂಗಳ ಕತ್ತಲೆಯನ್ನು ಕಳೆದಿದ್ದಾರೆ.

ಆ ಯಾರೋ ನನ್ನ ಮೇಲಿನ ತೋಟಪ್ಪ ಮೇಷ್ಟ್ರೇ ಇರಬೇಕು. ಈ ನಕ್ಷತ್ರದ ಬಗ್ಗೆ ನಾವು ಪತ್ರಿಕೆಗೆ ಕಳಿಸಿದ ಲೇಖನ ಅಚ್ಚಾದರೆ ಅವರಿಗೆ ಬಡ್ತಿ. ನನ್ನ ಕೆಲಸವೂ ಕಾಯಂ ಆಗುತ್ತದೆ, ಅದು ಬೇರೆ ಮಾತು. ವಾರದಿಂದ ಚಿತ್ರಗಳ ಸಿ.ಡಿ. ಇಡುವ ಬೀರುವಿಗೆ ಬೀಗ. ನಾನು ಒಳಗೆ ಕಾಲಿಟ್ಟರೆ ಕಂಪ್ಯೂಟರ್ ಪರದೆ ಆರಿಸುತ್ತಾರೆ. “ಸರ್, ಆ ಕತ್ತಲೆ ಚಿತ್ರ ಒಂದ್ಸಲ ನೋಡ್ಲಾ?” ಎಂದು ಕೇಳಿದರೆ, “ಯಾಕಮ್ಮ, ಏನಾದ್ರೂ ಹೇಳೋದೈತಾ?” ಎಂದು ನನ್ನ ಮುಖವನ್ನೇ ದಿಟ್ಟಿಸಿದರು. ತಪ್ಪು ತಮ್ಮಲ್ಲಿಟ್ಟುಕೊಂಡು ನನ್ನನ್ನೇ ಕೇಳುವುದೇ? ನಾಳೆ ಪ್ರಿನ್ಸಿಪಾಲರಿಗೆ ದೂರು ಬರೆದುಕೊಡುತ್ತೇನೆ.

ನಿನ್ನ ಪಾದಗಳಿಗೆ ನನ್ನ ನಮಸ್ಕಾರ, ಹಚ್ಚದ ಮುಲಾಮಿಗೆ ಅವ್ವನ ಬೈಗುಳ.

ನಿನ್ನ ಮಗಳು,
ಶಿಲ್ಪ

ತಾ.ಕ. (19-2-2003): ಅಪ್ಪಾ, ದೂರಿನಲ್ಲಿ ತಾರೀಖು ಬರೆಯಬೇಕೆಂದು ಇವತ್ತು ನನ್ನ ನೋಟ್‌ಪುಸ್ತಕ ತೆರೆದೆ. ಹೋದ ವರ್ಷದ ಜೂನ್ ತಿಂಗಳ ಚಿತ್ರಗಳಿಂದ ಜನವರಿಯ ಕತ್ತಲೆಯನ್ನು ಕಳೆದವಳು ನಾನೇ. ನನ್ನದೇ ಅಕ್ಷರ. ಹೋಗಿ ಮೇಷ್ಟ್ರ ಮುಂದೆ ನಿಂತು ಹೇಳಿದೆ. “ಹೋದ ವಾರವೇ ಗೊತ್ತಾಯ್ತಮ್ಮ. ಬೇಕಂತಲೇ ಮಾಡಿದ್ಯೋ ಏನೋ ಅಂತ ಬೀರುಗೆ ಬೀಗ ಹಾಕ್ದೆ. ನೀನಾಗೇ ಬಂದು ಹೇಳ್ತೀಯಾ ಅಂತ ಕಾಯ್ತಿದ್ದೆ” ಎಂದರು. ಲೇಖನವನ್ನು ಅಚ್ಚು ಮಾಡಬೇಡಿರೆಂದು ಇಬ್ಬರೂ ಸಹಿ ಹಾಕಿ ಪತ್ರಿಕೆಗೆ ಬರೆದೆವು. ನಕ್ಷತ್ರ ಇಲ್ಲ ಅಪ್ಪಾ. ಊರವರಿಗೆ ನೀನು ಹೇಳಬೇಡ. ಭಾನುವಾರ ಬಸ್ಸಿಗೆ ನಾನೇ ಹೋಗಿ ಹೇಳಿ ಬರುತ್ತೇನೆ.