ಮುಂದಿನ ಚಕ್ರದಿಂದ ತೆಗೆದದ್ದು

ನಂದಿಬೆಟ್ಟ, ಮೇಲ್ಕೇರಿ
ಎರಡನೇ ಬೇಸಿಗೆಯ ಮೂವತ್ತಾರನೇ ದಿನ, ಭಾನುವಾರ, 2208

ಶಿಡ್ಲಘಟ್ಟದ ಮೆಕ್ಯಾನಿಕ್ ತ್ಯಾಗರಾಜಣ್ಣನವರಿಗೆ ನೂಲಿನವಳು ಅಲಮೇಲು ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ಆಟ ಆಡಿಸುತ್ತಿದ್ದಾರೆಂದು ಈ ಕಾಗದದಲ್ಲಿ ಕೈಯ ಗ್ರೀಸ್ ಒರೆಸಿಬಿಡಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಮೊದಲನೆಯದು ನಿಮಗೂ ಗೊತ್ತಿರುವುದೇ. ಎರಡನೆಯದು ಮಳೆಗಾಲ ಇದ್ದ ಜಾಗದಲ್ಲಿ ಬಂದು ಕುಳಿತಿದೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರ ಎನಿಸಿದರೆ ಮನ್ನಿಸಬೇಕು. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಕಲಿತದ್ದು ಹಳೆಯ ಔಷಧಿ ಪೆಟ್ಟಿಗೆಗಳಿಂದ, ತುಕ್ಕು ಹಿಡಿದ ಬಸ್ಸಿನ ಬೋರ್ಡುಗಳಿಂದ, ಮತ್ತು ಈಚೆಗೆ ನಿಮ್ಮದೇ ಕೈಬರಹದ ಒಂದು ಹಾಳೆಯಿಂದ. ನಿಮ್ಮನ್ನು ಏನೆಂದು ಕರೆಯಬೇಕೆಂದು ಬಹಳ ಯೋಚಿಸಿದೆ. ಲೆಕ್ಕಕ್ಕೆ ನೀವು ನನ್ನ ಮುತ್ತಜ್ಜನಿಗೂ ಹಿರಿಯರು. ಆದರೆ ಆ ಹಾಳೆ ಓದಿದವರಿಗೆ ಮೂವತ್ತರ ಆಸುಪಾಸಿನ, ಚೆಂದದ ಹುಚ್ಚು ಹತ್ತಿದ ಗಂಡಸೊಬ್ಬ ಕಾಣುತ್ತಾನೆ. ಅದಕ್ಕೆ ಅಣ್ಣ ಎಂದೇ ಬರೆದೆ.

ಈ ಕಾಗದ ನಿಮ್ಮ ಕೈಗೆ ಹೇಗೆ ಬಂತೆಂದು ನಾನು ವಿವರಿಸಲಾರೆ. ಸ್ಕಂದಗಿರಿಯ ಮೇಲೆ ಹಿಂದೋಲೆಯವರು ಎಂಬ ನಾಲ್ಕು ಮನೆಯವರಿದ್ದಾರೆ. ಕಳೆದುಹೋದ ಕಾಲಕ್ಕೆ ಓಲೆ ಕಳಿಸುವುದು ಅವರ ಕಸುಬು. ಒಬ್ಬರಿಗೆ ಬದುಕಿನಲ್ಲಿ ಒಂದೇ ಓಲೆ. ಬಹಳ ಜನ ಸತ್ತ ಅಜ್ಜಿಯ ಆರೋಗ್ಯ ವಿಚಾರಿಸಿ ಅದನ್ನು ಮುಗಿಸಿಬಿಡುತ್ತಾರೆ. ಓಲೆ ಮುಟ್ಟಿತೇ ಎಂದು ತಿಳಿಯುವ ದಾರಿ ಈವರೆಗೆ ಯಾರಿಗೂ ಸಿಕ್ಕಿಲ್ಲ. ನನ್ನದನ್ನು ನಾನು ನಲವತ್ತೊಂಬತ್ತು ವರ್ಷ ಬಳಸದೆ ಇಟ್ಟುಕೊಂಡಿದ್ದೆ.

ನೀವು ಭಾನುವಾರಗಳಂದು ಗಾಡಿ ಏರಿಸಿಕೊಂಡು ಬರುವ ಈ ಬೆಟ್ಟ ಈಗ ನಮ್ಮ ಊರು. ನಂದಿ ಮತ್ತು ಸುತ್ತಲಿನ ನಾಲ್ಕು ಬೆಟ್ಟಗಳ ಮೇಲೆ ಎರಡು ಸಾವಿರ ಚಿಲ್ಲರೆ ಜನ ಇದ್ದೇವೆ. ಕೆಳಗೆ ಬಯಲಿನಲ್ಲಿ ನೆಲದ ಮೇಲೆ ಯಾರೂ ವಾಸವಿಲ್ಲ. ಅಲ್ಲಿಯ ಕಾವಿಗೆ ನಾವು ಕೆಳಬಿಸಿ ಎನ್ನುತ್ತೇವೆ. ಬಿಸಿಲೇರಿದ ಮೇಲೆ ಅದರಲ್ಲಿ ಸಿಕ್ಕಿಕೊಂಡವರಿಗೆ ಮೊದಲು ಬೆವರು ನಿಲ್ಲುತ್ತದೆ, ಆಮೇಲೆ ಮಾತು ತೊದಲುತ್ತದೆ, ಕೊನೆಗೆ ಅವರು ತಾವಾಗಿಯೇ ನೆರಳು ಬಿಟ್ಟು ಬಿಸಿಲಿಗೆ ನಡೆದುಹೋಗುತ್ತಾರೆ. ಬೆಳಗಿನ ಹೊತ್ತು ಎರಡೂವರೆ ಗಂಟೆ ಕಾಲ ಮಾತ್ರ ಬಯಲು ನಮ್ಮನ್ನು ಸಹಿಸುತ್ತದೆ. ಅದು ತಂಪುಗಾಲ. ಅಷ್ಟರಲ್ಲಿ ಬೆಟ್ಟ ಇಳಿದು, ಚಿಕ್ಕಬಳ್ಳಾಪುರದ ಆಚೆ ನೆಲದಡಿಯ ಔಷಧಿ ಗೋದಾಮು ಮುಟ್ಟಿ, ಅಲ್ಲಿನ ಏಳು ಜನ ಕಾವಲಿನವರಿಗೆ ನೀರು ಕೊಟ್ಟು, ಔಷಧಿ ಹೇರಿಕೊಂಡು ಮತ್ತೆ ಬೆಟ್ಟ ಹತ್ತಬೇಕು. ಬ್ಯಾಟರಿ ಗಾಡಿಗಳು ಕೆಳಬಿಸಿಯಲ್ಲಿ ಹೊಟ್ಟೆ ಉಬ್ಬಿ ಸಿಡಿಯುತ್ತವೆ. ಹಲಸಿನ ಸಾರಾಯಿಗೆ ಹರಳೆಣ್ಣೆ ಬೆರೆಸಿ ಓಡಿಸುವ ಮೋಟಾರ್ ಸೈಕಲ್ಲೇ ನಮಗೆ ಗತಿ. ಅದನ್ನು ಓಡಿಸುವವರು ಇಳಿಗರು. ಇಳಿಗರ ಮನೆಯ ಮುಂದೆ ಯಾರೂ ಜೋರಾಗಿ ನಗುವುದಿಲ್ಲ.

ಆ ಎಲ್ಲ ಗಾಡಿಗಳಿಗೂ ತಾಯಿ ನೀವು ಕಟ್ಟಿದ ಗಾಡಿ. ನಮ್ಮ ಹಿರಿಯರಿಗೆ ಬೆಟ್ಟದ ಮೇಲಿನ ಒಂದು ಬೀಗ ಹಾಕಿದ ಕೋಣೆಯಲ್ಲಿ ಅದು ಸಿಕ್ಕಿತು: ಎರಡು ಸೈಲೆನ್ಸರು, ತಗ್ಗಿಸಿದ ಸೀಟು, ಕತ್ತರಿಸಿದ ಹಿಂಭಾಗ, ನೇರಳೆ ಬಣ್ಣದ ಟ್ಯಾಂಕು. ನಾವದನ್ನು ಮೂಲಗಾಡಿ ಎನ್ನುತ್ತೇವೆ. ಆ ಕಾಲದಲ್ಲಿ ಪ್ರತಿಯೊಬ್ಬರೂ ತಮಗೆ ತೋಚಿದಂತೆ ಗಾಡಿ ಕಟ್ಟಿಕೊಂಡು ಇಳಿಯುತ್ತಿದ್ದರಂತೆ. ಇಂಜಿನ್ ಹಿಡಿದುಕೊಂಡು ಬಯಲಿನಲ್ಲಿ ನಿಂತು ಬೆಂದವರು ಹಲವರು. ಮೂಲಗಾಡಿಯನ್ನು ನೋಡಿ ಹಾಗೆಯೇ ಕಟ್ಟಿದ ಗಾಡಿಗಳು ಮಾತ್ರ ತಿರುಗಿ ಬಂದವು. ಅಂದಿನಿಂದ ನಮ್ಮ ಗಾಡಿಮನೆಗೆ ಒಂದೇ ಕಟ್ಟಳೆ, ಕಂಡಂತೆ ಕಟ್ಟು. ಕೆಲಸ ಹಿಡಿಯುವ ಮುಂಚೆ ಅದನ್ನು ಬಾಯಿಬಿಟ್ಟು ಹೇಳಬೇಕು. ಮೂಲಗಾಡಿಯ ಒಂದೊಂದು ಭಾಗಕ್ಕೂ ಒಂದೊಂದು ರೇಷ್ಮೆ ನೂಲಿದೆ, ಉದ್ದ ಅಗಲಗಳಿಗೆ ಗಂಟು ಹಾಕಿದ್ದು. ಹೊಸ ಗಾಡಿ ಸಿದ್ಧವಾದಾಗ ನೂಲಿನವಳು ಬಂದು ಅಳೆಯುತ್ತಾಳೆ. ಗಂಟಿಗೆ ಹೊಂದದ್ದು, ಮೂಲದಲ್ಲಿ ಇಲ್ಲದ್ದು ಏನೇ ಕಂಡರೂ ಅವಳು ಸುತ್ತಿಗೆ ಎತ್ತಿಕೊಳ್ಳುತ್ತಾಳೆ. ಇಪ್ಪತ್ತಾರು ವರ್ಷದಿಂದ ಆ ಸುತ್ತಿಗೆ ನನ್ನ ಕೈಯಲ್ಲಿದೆ, ಮತ್ತು ನಾನು ಕರುಣೆಯವಳೆಂದು ಯಾರೂ ಹೇಳಿಲ್ಲ.

ಮೂಲಗಾಡಿಯ ಮುಂದಿನ ಚಕ್ರ ಬೋಳು. ಕಡ್ಡಿಗಳ ನಡುವೆ ಅಚ್ಚು ಹಾಯುವ ಒಂದು ತೆಳು ಗುಂಬ ಬಿಟ್ಟರೆ ಏನೂ ಇಲ್ಲ. ಫೋರ್ಕಿನ ಎಡಗಾಲಿನ ಕೆಳಗೆ ಹೆಬ್ಬೆರಳಿನಷ್ಟು ಕಬ್ಬಿಣದ ಕಿವಿ, ಅದರಲ್ಲೊಂದು ತೂತು. ಆ ತೂತು ಏಕಿದೆ ಎಂದು ಯಾರಿಗೂ ತಿಳಿಯಲಿಲ್ಲ, ಆದರೂ ಪ್ರತಿ ಗಾಡಿಯಲ್ಲೂ ಅದನ್ನು ಕೊರೆದೆವು. ತಿಳಿಯದ್ದಕ್ಕೆ ಒಂದು ಕೆಲಸ ಬೇಕಲ್ಲ. ಇಳಿಗರ ತಾಯಂದಿರು ಅದಕ್ಕೆ ಕೆಂಪು ದಾರ ಕಟ್ಟತೊಡಗಿದರು. ಗಾಡಿ ನಿಲ್ಲಿಸಲು ಬಲಗಾಲಿನಡಿ ಒಂದೇ ಬ್ರೇಕು, ಹಿಂದಿನ ಚಕ್ರಕ್ಕೆ. ಎರಡಾಳು ತೂಕದ ನೀರು ಹೊತ್ತು, ಹೊತ್ತು ಮೀರುವ ಮುಂಚೆ ಇಳಿಯಬೇಕಾದ ಗಾಡಿಯನ್ನು ಅದೊಂದೇ ಎಷ್ಟು ಹಿಡಿದೀತು? ಐದು ತಿರುವು ದಾಟುವಷ್ಟರಲ್ಲಿ ಕಾದು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಪೆಡಲು ಕಾಲಿನಡಿ ಹತ್ತಿಯಂತೆ ಮೆತ್ತಗಾಗುತ್ತದೆ. ನನ್ನ ಕಾಲದಲ್ಲೇ ಮೂವತ್ತೊಂದು ಇಳಿಗರಲ್ಲಿ ಹದಿಮೂರು ಜನ ಹೋದರು, ಎಲ್ಲರೂ ಇಳಿಜಾರಿನಲ್ಲಿ. ಒಬ್ಬೊಬ್ಬರು ಸತ್ತಾಗಲೂ ನಾವು ಕೇಳಿಕೊಂಡ ಪ್ರಶ್ನೆ ಒಂದೇ: ಮೂಲದಿಂದ ಎಲ್ಲಿ ತಪ್ಪಿದೆವು? ಹಿಡಿಕೆ ಅಕ್ಕಿಕಾಳಿನಷ್ಟು ಉದ್ದವಾಗಿತ್ತೇ, ಸೀಟಿನ ಹೊಲಿಗೆ ಒಂದು ಕಡಿಮೆಯಾಗಿತ್ತೇ? ಪ್ರತಿ ಸಾವಿನ ಮೇಲೂ ನಾನು ನೂಲಿಗೆ ಹೊಸ ಗಂಟುಗಳನ್ನು ಹಾಕಿದೆ. ನಮ್ಮ ಗಾಡಿಗಳು ನಿಮ್ಮ ಗಾಡಿಗೆ ಇನ್ನಷ್ಟು ಹತ್ತಿರವಾದವು.

ನನ್ನ ಗಂಡ ಕದಿರಪ್ಪ ಇಳಿಗ. ಹನ್ನೊಂದು ವರ್ಷದ ಹಿಂದೆ ಅವನು ತನ್ನ ಗಾಡಿಯ ಮುಂದಿನ ಚಕ್ರಕ್ಕೆ ಹೊಂಗೆ ಮರದ ಒಂದು ದಿಮ್ಮಿ ಕೂರಿಸಿ, ತಂತಿ ಎಳೆದರೆ ಅದು ಚಕ್ರವನ್ನು ಒತ್ತುವಂತೆ ಮಾಡಿದ್ದ. ಅಂಗಳದ ಇಳಿಜಾರಿನಲ್ಲಿ ಓಡಿಸಿಯೂ ತೋರಿಸಿದ. ಗಾಡಿ ನಿಂತಿತು, ಅದನ್ನು ನಾನು ಕಣ್ಣಾರೆ ಕಂಡೆ. ಆದರೂ ಮೂಲದಲ್ಲಿ ಇಲ್ಲದ್ದು ಎಂದು ಸುತ್ತಿಗೆಯಿಂದ ಕಿತ್ತುಹಾಕಿದೆ. ಗಂಡನ ಗಾಡಿಗೆ ಬೇರೆ ನ್ಯಾಯ ಮಾಡಿದಳು ಎಂದು ನಾಲ್ಕು ಜನ ಆಡಿಕೊಂಡಾರೆಂಬ ಅಳುಕೂ ಅದರಲ್ಲಿ ಇತ್ತು. ಅವನು ಜಗಳವಾಡಲಿಲ್ಲ. ಮುರಿದ ದಿಮ್ಮಿಯನ್ನು ಒಲೆಯ ಪಕ್ಕ ಇಟ್ಟು, "ಇಳಿಯೋದು ನಿನ್ ನೂಲಲ್ಲ ಕಣೇ ಅಲಮೇಲು, ನಾನು" ಎಂದ. ಮೂರನೇ ದಿನ ಏಳನೇ ತಿರುವಿನಲ್ಲಿ ಬಂಡೆಯ ಕೆಳಗೆ ಸಿಕ್ಕಿದ. ಅವನ ಗಾಡಿಯನ್ನು ಮತ್ತೆ ಅಳೆಯಲು ನನ್ನನ್ನೇ ಕರೆದರು. ಒಂದು ಗಂಟೂ ತಪ್ಪಿರಲಿಲ್ಲ. ಅಷ್ಟು ಸರಿಯಾದ ಗಾಡಿಯನ್ನು ನಾನು ಅದುವರೆಗೆ ನೋಡಿರಲಿಲ್ಲ, ಅಣ್ಣಾ. ಆ ಮಾತನ್ನು ಅಲ್ಲಿ ಎಲ್ಲರೆದುರು ಹೇಳಿದ್ದೂ ನಾನೇ.

ಈ ವರ್ಷದ ಮೊದಲ ಬೇಸಿಗೆಯಲ್ಲಿ ಮೂಲಗಾಡಿಯ ಸೀಟನ್ನು ಇಲಿ ಕಡಿಯಿತು. ಹೊಲಿಯಲೆಂದು ಚರ್ಮ ಬಿಚ್ಚಿದಾಗ ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ನಿಮ್ಮ ಹಾಳೆ ಸಿಕ್ಕಿತು. ಮೇಲೆ ನಿಮ್ಮ ಹೆಸರು, ಊರು, ಜನವರಿ ಎಂಬ ತಿಂಗಳು; ವರ್ಷ ಬರೆಯುವ ವ್ಯವಧಾನ ನಿಮಗೆ ಇರಲಿಲ್ಲ. ರೇಷ್ಮೆ ಶೆಡ್ಡಿನ ಮೂಲೆಯಲ್ಲಿ ಹಿಪ್ಪುನೇರಳೆ ಕಡ್ಡಿಯ ಕೆಳಗೆ ಇಪ್ಪತ್ತಾರು ವರ್ಷ ಬಿದ್ದಿದ್ದ ಗಾಡಿ ಎಂದು ಶುರುವಾಗುತ್ತದೆ. ಪಿಸ್ಟನ್ ಹಿಡಿದುಕೊಂಡಿದೆ, ಡೀಸೆಲ್ ಸುರಿದು ಮೂರು ದಿನ ಬಿಡು. ಟ್ಯಾಂಕಿನೊಳಗೆ ತುಕ್ಕು, ಜಲ್ಲಿ ಹಾಕಿ ಕುಲುಕು. ಕಡ್ಡಿಗಳನ್ನು ಬಿಚ್ಚಿ ಒಂದೊಂದೇ ಉಜ್ಜು. ಎಲ್ಲ ಮುಗಿದ ಮೇಲೆ ಎಂದಿನಂತೆ ಭಾನುವಾರ ನಂದಿಬೆಟ್ಟ. ಓದುತ್ತ ನನಗೆ ನಿಮ್ಮ ಮೇಲೆ ಪ್ರೀತಿಯೇ ಬಂತು. ಗುಜರಿಗೆ ಹೋಗಬೇಕಾದದ್ದನ್ನು ಇಷ್ಟು ತಾಳ್ಮೆಯಿಂದ ಎಬ್ಬಿಸಿದ ಕೈಗೆ ನಾನು ಮನಸಾರೆ ನಮಸ್ಕಾರ ಮಾಡಿದೆ. ಹಾಳೆಯ ಹಿಂಬದಿಯಲ್ಲಿ ತೆಗೆಯಬೇಕಾದವುಗಳ ಪಟ್ಟಿ. ಮಡ್‌ಗಾರ್ಡ್, ಟೂಲ್ ಬಾಕ್ಸ್, ಹಾರ್ನ್. ಆಮೇಲೆ ಈ ಸಾಲು: "ಮುಂದಿನ ಬ್ರೇಕು ತೆಗೆ, ಲುಕ್ ಕೆಡುತ್ತೆ. ಬೇಕಾದ್ರೆ ಆಮೇಲೆ ಹಾಕ್ಕೊಂಡ್ರಾಯ್ತು."

ಆ ಕಿವಿ, ಆ ತೂತು ಏಕೆಂದು ಆಗ ತಿಳಿಯಿತು. ನೀವು ಕಿತ್ತುಹಾಕಿದ ಬ್ರೇಕಿನ ಗುರುತಿಗೆ ನಾವು ದಾರ ಕಟ್ಟುತ್ತಿದ್ದೆವು. ನಿಮ್ಮ ಮೇಲೆ ಬಂದ ಸಿಟ್ಟನ್ನು ಬರೆದರೆ ಈ ಹಾಳೆ ಸಾಲದು. ಸಿಟ್ಟು ಇಳಿದ ಮೇಲೆ ಉಳಿದದ್ದು ಇನ್ನೂ ಕೆಟ್ಟದ್ದು. ನೀವು ಕಿತ್ತದ್ದು ಚೆಂದಕ್ಕೆ, ಒಂದು ಭಾನುವಾರದ ಸುತ್ತಾಟಕ್ಕೆ. ನಾನು ಕಿತ್ತದ್ದು ಗಾಡಿ ನಿಲ್ಲುವುದನ್ನು ಕಣ್ಣಾರೆ ನೋಡಿದ ಮೇಲೆ.

ಹಾಳೆಯನ್ನು ಗಾಡಿಮನೆಯ ಹಿರಿಯರಾದ ಮುನಿಶಾಮಣ್ಣನವರ ಮುಂದಿಟ್ಟೆ. ಅವರು ಕೆಟ್ಟವರಲ್ಲ, ಇಬ್ಬರು ಗಂಡುಮಕ್ಕಳನ್ನು ಇಳಿಜಾರಿಗೆ ಕೊಟ್ಟವರು. ಎರಡು ಸಲ ಓದಿಸಿಕೊಂಡರು. ಕಾಗದ ಗಾಡಿಯಲ್ಲ, ಗಾಡಿಯ ಕಬ್ಬಿಣದ ಮೇಲೆ ಇರುವುದಷ್ಟೇ ಗಾಡಿ, ಕಂಡಂತೆ ಕಟ್ಟು ಎಂಬುದರ ಅರ್ಥ ಅದೇ ಎಂದು ನೆನಪಿಸಿದರು. ಆಮೇಲೆ ಮೆಲ್ಲಗೆ, "ಕಟ್ದೋನೇ ಬ್ಯಾಡ ಅಂತ ತೆಗ್ದವ್ನೆ. ನಮಗೆ ತಿಳೀದೇ ಇರೋದು ಏನೋ ಅವನಿಗೆ ತಿಳಿದಿತ್ತಮ್ಮ" ಎಂದರು. ಮಕ್ಕಳಿಬ್ಬರೂ ಯಾರೋ ಒಬ್ಬನ ಶೋಕಿಗೆ ಸತ್ತರು ಎಂದು ಒಪ್ಪಿಕೊಳ್ಳುವುದು ಆ ಮುದುಕರಿಗೆ ಆಗದ ಕೆಲಸ. ನಾನು ಅಳೆಯುವುದಿಲ್ಲ ಎಂದು ನೂಲು ಕೆಳಗಿಟ್ಟೆ. ಬೇರೊಬ್ಬಳು ಎತ್ತಿಕೊಂಡಳು. ನಾನೇ ಕೆಲಸ ಕಲಿಸಿದವಳು, ನನಗಿಂತ ಕಟ್ಟುನಿಟ್ಟು.

ಇನ್ನು ನಿಮಗೆ ಹೇಳಲೇಬೇಕಾದದ್ದು. ಮೇಲ್ಕೇರಿಯಲ್ಲಿ ಕಟ್ಟುಜ್ವರ ಬಿದ್ದು ಹದಿನೆಂಟು ದಿನವಾಯಿತು. ಕೈಕಾಲು ಮರಗಟ್ಟುವ ಈ ಜ್ವರಕ್ಕೆ ಬೇಕಾದ ಔಷಧಿ ಕೆಳಗಿನ ಗೋದಾಮಿನಲ್ಲಿದೆ, ಮೇಲೆ ಒಂದು ಗುಳಿಗೆಯೂ ಉಳಿದಿಲ್ಲ. ಬರುವ ಶುಕ್ರವಾರ ಇಳಿಯಲು ಹೆಸರು ಕೊಟ್ಟವಳು ನನ್ನ ಮಗಳು ಪಿಳ್ಳಮ್ಮ. ಇಪ್ಪತ್ತೆರಡು ವರ್ಷ, ಮೊದಲನೇ ಇಳಿತ. ಹೋಗಬೇಡ ಎನ್ನುವ ಬಾಯಿ ನನಗಿಲ್ಲ, ಏಕೆಂದರೆ ಪಕ್ಕದ ಮನೆಗಳಲ್ಲಿ ಮಕ್ಕಳು ಮಲಗಿರುವುದನ್ನು ನಾನೂ ನೋಡುತ್ತಿದ್ದೇನೆ. ಅಪ್ಪನಂತೆ ಒಂದು ದಿಮ್ಮಿಯನ್ನಾದರೂ ಕದ್ದು ಕೂರಿಸಿಕೊಂಡು ಹೋಗು ಎಂದು ಕಾಲು ಹಿಡಿದೆ. ಅವಳು ನಿಮ್ಮ ಹಾಳೆಯನ್ನು ಓದಿದ್ದಾಳೆ. ನನ್ನನ್ನು ಎಬ್ಬಿಸಿ ಕೂರಿಸಿ, ಮಗುವಿಗೆ ಹೇಳುವಂತೆ ಹೇಳಿದಳು: "ಅಮ್ಮಾ, ಅಷ್ಟು ಚೆನ್ನಾಗಿ ಕಟ್ಟಿರೋರು ಸುಮ್‌ಸುಮ್ನೆ ಏನೂ ತೆಗೆಯಲ್ಲ." ಅವಳ ಕಣ್ಣಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಹಾಗೆ ನಂಬುವುದನ್ನು ಕಲಿಸಿದವಳು ನಾನು.

ಆದ್ದರಿಂದ ತ್ಯಾಗರಾಜಣ್ಣ, ನನ್ನ ಬೇಡಿಕೆ ಇಷ್ಟು. ಈ ಓಲೆ ಮುಟ್ಟುವ ಹೊತ್ತಿಗೆ ನಿಮ್ಮ ಕೈ ಇನ್ನೂ ಮುಂದಿನ ಚಕ್ರಕ್ಕೆ ಬಂದಿರದಿದ್ದರೆ ದಯವಿಟ್ಟು ಅಲ್ಲಿಗೆ ನಿಲ್ಲಿಸಿ. ಇದ್ದದ್ದು ಇದ್ದಂತೆ ಇರಲಿ, ನೋಟಕ್ಕೆ ಸ್ವಲ್ಪ ಒಡ್ಡಾಗಿ ಕಂಡರೂ ಕಾಣಲಿ. ಆಗ ಕದಿರಪ್ಪ ಸಾಯುತ್ತಿರಲಿಲ್ಲ, ಈ ಓಲೆಯನ್ನೂ ನಾನು ಬರೆಯುತ್ತಿರಲಿಲ್ಲ, ಹಾಗಾದರೆ ಇದು ನಿಮಗೆ ಮುಟ್ಟುವುದಾದರೂ ಹೇಗೆ ಎಂದು ಹಿಂದೋಲೆಯವರು ತಕರಾರು ತೆಗೆದರು. ಆ ಗೋಜಲನ್ನು ಅವರೇ ಬಿಡಿಸಿಕೊಳ್ಳಲಿ. ಆದರೆ ಶಾಯಿಯ ವಯಸ್ಸು ನೋಡಿ ನಿಮ್ಮ ದಿನವನ್ನು ಅವರು ಅಂದಾಜು ಮಾಡಿದ್ದಾರೆ. ತಿಂಗಳು ಆಚೀಚೆ ಆಗಬಹುದು ಎಂದಿದ್ದಾರೆ. ಬ್ರೇಕು ಆಗಲೇ ಗುಜರಿಗೆ ಹೋಗಿದ್ದರೆ ಇನ್ನೊಂದು ದಾರಿ ಉಳಿದಿದೆ. ಟ್ಯಾಂಕು ಎತ್ತಿ, ಅದರ ಕೆಳಗಿನ ಫ್ರೇಮಿನ ದಪ್ಪ ಕೊಳವೆಯ ಮೇಲೆ ಉಳಿಯಿಂದ ಕೊರೆಯಿರಿ: ಮುಂದಿನ ಬ್ರೇಕು ಚೆಂದಕ್ಕೆ ತೆಗೆದೆ, ಓಡಿಸುವವರು ಹಾಕಿಕೊಳ್ಳಿ. ಬಣ್ಣದಲ್ಲಿ ಬರೆಯಬೇಡಿ. ಕಬ್ಬಿಣದಲ್ಲಿ ಆಳವಾಗಿ ಕೊರೆದದ್ದು ನಮ್ಮ ಕಟ್ಟಳೆಗೆ ಗಾಡಿಯ ಭಾಗ. ಅದನ್ನು ಮುನಿಶಾಮಣ್ಣನವರೂ ಮೀರುವಂತಿಲ್ಲ, ಪಿಳ್ಳಮ್ಮನೂ ಮೀರುವುದಿಲ್ಲ. ನನ್ನ ಮಾತನ್ನು ಕೇಳದವಳು ನಿಮ್ಮ ಮಾತನ್ನು ಕೇಳುತ್ತಾಳೆ.

ನಿಮಗೆ ಇದು ಅರ್ಧ ಗಂಟೆಯ ಕೆಲಸ. ನಾಳೆ ಮಾಡೋಣ ಎಂದು ಉಳಿಯನ್ನು ಕೆಳಗಿಡಬೇಡಿ. ನಿಮ್ಮ ಕೈಗೆ, ನಿಮ್ಮ ಮನೆಯವರಿಗೆ ಒಳ್ಳೆಯದಾಗಲಿ.

ಇವತ್ತು ಬೆಳಿಗ್ಗೆ ಮೂಲಗಾಡಿಯ ಟ್ಯಾಂಕು ಎತ್ತಿ ನೋಡಿದೆ. ಕೊಳವೆಯ ಮೇಲೆ ನೀವು ಬಳಿದ ಕಪ್ಪು ಬಣ್ಣ ಬಿಟ್ಟು ಏನೂ ಇರಲಿಲ್ಲ. ಈ ಓಲೆಯನ್ನು ಸ್ಕಂದಗಿರಿಗೆ ಕೊಟ್ಟುಬಂದ ಮೇಲೆ ಮತ್ತೆ ನೋಡುತ್ತೇನೆ. ಸೋಮವಾರ ನೋಡುತ್ತೇನೆ, ಮಂಗಳವಾರ, ಬುಧವಾರ, ಗುರುವಾರ ನೋಡುತ್ತೇನೆ. ಶುಕ್ರವಾರ ಅವಳು ಇಂಜಿನ್ ಒದ್ದು ಸ್ಟಾರ್ಟ್ ಮಾಡುವಾಗಲೂ ನಾನು ಗಾಡಿಮನೆಯಲ್ಲಿ ಆ ಟ್ಯಾಂಕನ್ನು ಎತ್ತಿ ಹಿಡಿದುಕೊಂಡೇ ನಿಂತಿರುತ್ತೇನೆ.

ಅಲಮೇಲು