ಹೆಣ್ಣುಕಂಬಕ್ಕೆ ಕಟ್ಟಿದ ಬಟ್ಟೆ

ಬಾನ್ ನೊಂಗ್ ವಾಯ್
ಮಾರ್ಚ್ 12, ಬೌದ್ಧ ಶಕ 2538

ಪ್ರೀತಿಯ ಫೊನ್ಸಿಗೆ,

ಬಾಣಂತನಕ್ಕೆ ಹೋದ ನೀನು, ಮಗಳು ವಿಲಾಯ್, ಮೊಮ್ಮಗು ಮೂವರೂ ಚೆನ್ನಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ತಡವಾಯಿತೆಂದು ಕೋಪ ಮಾಡಿಕೊಳ್ಳಬೇಡ. ಕೋಪಕ್ಕೆ ಇದಕ್ಕಿಂತ ಒಳ್ಳೆಯ ಕಾರಣಗಳು ಮುಂದೆ ಬರುತ್ತವೆ, ಅವಕ್ಕೆ ಉಳಿಸಿಕೊ. ಫೋನ್ ಮಾಡೋಣವೆಂದರೆ ಊರಿಗೆಲ್ಲ ಇರುವುದು ಮುಖಂಡನ ಮನೆಯದೊಂದೇ. ನಾನು ಒಂದು ಮಾತು ಆಡುವಷ್ಟರಲ್ಲಿ ಅವನ ಜಗಲಿಯಲ್ಲಿ ಕೂತವರು ನಿನ್ನ ಪರವಾಗಿ ಎರಡು ಉತ್ತರ ಕೊಟ್ಟಿರುತ್ತಾರೆ.

ಹಳ್ಳದ ದಂಡೆಯ ಜಾಗದಲ್ಲಿ ಮನೆ ಎದ್ದಿದೆ. ನೀನು ಬೇಡವೆಂದು ಬರೆದ ಮೇಲೂ ಎದ್ದಿದೆ. ನಡೆದದ್ದನ್ನೆಲ್ಲ ಹೇಳುತ್ತೇನೆ, ಊರವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳು.

ಕಾಗದದ ಮೇಲೆ ನಕ್ಷೆ ಬರೆಯಲು ನನಗೆ ಬಾರದು. ಸೌದಿಯಲ್ಲಿ ಆರು ವರ್ಷ ಬೇರೆಯವರ ಮನೆಗಳಿಗೆ ಹಲಗೆ ಹೊಡೆದೆ. ನಕ್ಷೆ ಹಿಡಿದವರು ಯಾವಾಗಲೂ ನೆರಳಿನಲ್ಲಿ ನಿಂತಿರುತ್ತಿದ್ದರು. ಅದಕ್ಕೇ ನಾನು ನೆಲದ ಮೇಲೆ, ನಿಜವಾದ ಅಳತೆಯಲ್ಲೇ, ಸುಣ್ಣದ ಗೆರೆ ಎಳೆದೆ. ಇಲ್ಲಿ ಜಗಲಿ, ಇಲ್ಲಿ ಅಡುಗೆಮನೆ, ಇಲ್ಲಿ ಮಲಗುವ ಕೋಣೆ. ಸಂಜೆಯಾಗುವುದರೊಳಗೆ ಊರೆಲ್ಲ ಮನೆ ನೋಡಲು ಬಂತು. ನಿಮ್ಮಮ್ಮ ಕೋಲೂರಿಕೊಂಡು ನೇರವಾಗಿ ಗೆರೆ ದಾಟಿದರು. ನಿನ್ನ ತಮ್ಮ ತೊಂಗ್‌ಮೀ, "ಅಮ್ಮಾ, ಅದು ಗೋಡೆ. ಬಾಗಿಲು ಆ ಕಡೆ ಇದೆ" ಅಂದ. ಅವರು ಹಿಂದಕ್ಕೆ ಹೋಗಿ, ಸುತ್ತಿ ಬಂದು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಅಡುಗೆಮನೆಯಲ್ಲಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು, "ಹೊಗೆಯೆಲ್ಲ ಮಲಗೋ ಕೋಣೆಗೆ ಹೋಗ್ತಿದೆ ನೋಡಪ್ಪ" ಅಂದರು.

ಒಲೆ ಇರಲಿಲ್ಲ, ಗೋಡೆ ಇರಲಿಲ್ಲ, ಹೊಗೆಯ ಮಾತೆಲ್ಲಿ ಬಂತು? ಆದರೆ ಗಾಳಿ ಬೀಸುವ ದಿಕ್ಕು ನೋಡಿದೆ, ಅವರು ಹೇಳಿದ್ದು ಸರಿಯಾಗಿತ್ತು. ಅಡುಗೆಮನೆಯನ್ನು ಕಾಲಿನಿಂದ ಒರೆಸಿ ದಕ್ಷಿಣಕ್ಕೆ ಸಾಗಿಸಿದೆ. ಮಾರನೆಯ ದಿನ ಕೋಳಿಗಳು ಮಲಗುವ ಕೋಣೆಯ ಒಂದು ಗೋಡೆಯನ್ನು ಕೆದಕಿ ಹಾಕಿದ್ದವು. ಮತ್ತೆ ಎಳೆಯುವಾಗ ಕೋಣೆ ಒಂದು ಮೊಳ ಬೆಳೆಯಿತು. ಈ ವಯಸ್ಸಿನಲ್ಲಿ ಇಷ್ಟು ದೊಡ್ಡ ಕೋಣೆ ಯಾಕೆಂದು ಮುಖಂಡನ ಹೆಂಡತಿ ಎಲ್ಲರೆದುರು ಕೇಳಿದಳು. ಕೋಳಿಗಳನ್ನು ಕೇಳು ಅಂದೆ.

ತೊಂಗ್‌ಮೀ ಮೊದಮೊದಲು ಮುಖ ಗಂಟಿಕ್ಕಿಕೊಂಡೇ ಇದ್ದ. "ಮೂವತ್ತೊಂದು ವರ್ಷ ನಮ್ಮ ಮನೇಲಿ ಉಂಡೋರು, ಈಗ ಬೇರೆ ಒಲೆ ಹುಡುಕ್ತಿದ್ದೀರಲ್ಲ ಭಾವ" ಅಂದ. ಹಾಗೆ ಅಂದವನೇ ಮರುದಿನ ಬೆಳಿಗ್ಗೆ ಹಾರೆ ಹಿಡಿದು ಬಂದು ಮನೆಯನ್ನು ನೆಲದಿಂದ ಎತ್ತಿ ಹಿಡಿಯುವ ಕಂಬಗಳಿಗೆ ಆರು ಗುಂಡಿ ತೋಡಿದ. ನಿಮ್ಮ ಮನೆಯವರ ಬಾಯಿ ಒಂದು ಕಡೆ ಹೋದರೆ ಕೈ ಇನ್ನೊಂದು ಕಡೆ ಹೋಗುತ್ತದೆ, ಅದು ನಿನ್ನಲ್ಲೂ ಇದೆ.

ಇನ್ನು ಕಂಬ ನಿಲ್ಲಿಸಿದ ವಿಚಾರ. ಇದನ್ನು ನೀನು ಕೂತುಕೊಂಡು ಓದಬೇಕು.

ಗಂಡುಕಂಬಕ್ಕೆ ಯಜಮಾನನ ಬಟ್ಟೆ, ಹೆಣ್ಣುಕಂಬಕ್ಕೆ ಯಜಮಾನತಿಯ ಬಟ್ಟೆ ಕಟ್ಟಬೇಕಲ್ಲ. ನೀನಿಲ್ಲ. ನಿನ್ನ ಪೆಟ್ಟಿಗೆಯಿಂದ ನೀನು ಸೊಂಟಕ್ಕೆ ಸುತ್ತಿ ಉಡುವ ಒಂದು ಹಳೆಯ ಸಿನ್ ತರಲು ತೊಂಗ್‌ಮೀಯನ್ನು ಕಳಿಸಿದೆ. ಅವನು ನೀಲಿಯದೊಂದನ್ನು ತಂದ. ಹಿರಿಯ ಸೀಥಾ ಮಂತ್ರ ಹೇಳಿದರು. ಬಾಳೆಕಂದು, ಕಬ್ಬು ಕಟ್ಟಿಯಾಯಿತು. ಮೂವತ್ತು ಜನ ಕೂಗು ಹಾಕಿ ಕಂಬ ಎತ್ತಿ ನಿಲ್ಲಿಸಿ ಮಣ್ಣು ಗಟ್ಟಿಸಿದರು. ಎಲ್ಲ ಮುಗಿದ ಮೇಲೆ ನಿಮ್ಮಮ್ಮ ಕಂಬದ ಹತ್ತಿರ ಬಂದು, ಬಟ್ಟೆಯ ಅಂಚು ಹಿಡಿದು ನೋಡಿ ಅಂದರು: "ಇದು ನಂದಲ್ವಾ? ಮೂರು ದಿನದಿಂದ ಹುಡುಕ್ತಾ ಇದ್ದೀನಿ."

ಮುಖಂಡ ಶುರುಮಾಡಿದ: "ಹೆಂಡ್ತಿ ಬರಲ್ಲ ಅಂದ್ಲು ಅಂತ ಅತ್ತೆಯನ್ನೇ ಮನೆ ತುಂಬಿಸಿಕೊಂಡ್ಯೇನೋ ಖಮ್ಮೂನ್?" ನಕ್ಕು ನಕ್ಕು ಇಬ್ಬರು ಇನ್ನೂ ಕಂಬ ನಿಲ್ಲಿಸದ ಗುಂಡಿಗೆ ಬಿದ್ದರು. ನಾನು ಬಿಚ್ಚಲು ಹೋದೆ. ಹಿರಿಯ ಸೀಥಾ ಬಿಡಲಿಲ್ಲ. "ಕಟ್ಟಿದ್ದು ಕಟ್ಟಿದ ಹಾಗೇ ಇರ್ಬೇಕು. ಬಿಚ್ಚಿದ್ರೆ ಮನೆ ಆಗಿಬರಲ್ಲ." ನಿಮ್ಮಮ್ಮನಿಗೆ ಮಾತ್ರ ಏನೂ ಅನ್ನಿಸಿದ ಹಾಗಿರಲಿಲ್ಲ. "ಇರ್ಲಿ ಬಿಡ್ರಿ. ಹಳೇ ನೇಯ್ಗೆ, ಗಟ್ಟಿಯಾಗಿದೆ" ಎಂದು ಎಲೆಅಡಿಕೆ ಹಾಕಿಕೊಂಡರು. ಆ ದಿನದಿಂದ ನಾನು ಊರಿನಲ್ಲಿ ನಡೆದರೆ ಮಕ್ಕಳು ಕೂಡ ಅತ್ತೆ ಚೆನ್ನಾಗಿದ್ದಾರಾ ಎಂದು ಕೇಳುತ್ತವೆ.

ಮೆಟ್ಟಿಲಿನದು ಇನ್ನೊಂದು ರಗಳೆ. ಏಳು ಮೆಟ್ಟಿಲು ಮಾಡಿದ್ದೆ. ತೊಂಗ್‌ಮೀ ಅಂಗಳ ಎತ್ತರಿಸುತ್ತೇನೆಂದು ನನ್ನನ್ನು ಕೇಳದೆ ಮಣ್ಣು ಸುರಿಸಿದ. ಕೆಳಗಿನದು ಹೂತುಹೋಗಿ ಆರು ಉಳಿಯಿತು. ನಿಮ್ಮಮ್ಮ ಕೆಳಗೆ ನಿಂತು ಎಣಿಸಿ, "ಸರಿಸಂಖ್ಯೆ ಮೆಟ್ಟಿಲು ದೆವ್ವಗಳಿಗೆ. ನಾನಿನ್ನೂ ಬದುಕಿದ್ದೀನಿ, ಹತ್ತಲ್ಲ" ಅಂದರು. ಒಂದನ್ನು ಹಾರಿ ಹತ್ತಿದರೆ ಐದಾಗುತ್ತದೆಂದು ತೊಂಗ್‌ಮೀ ಲೆಕ್ಕ ಹೇಳಿ ಬೈಸಿಕೊಂಡ. ಕೊನೆಗೆ ನಾನು ಹಳ್ಳದಿಂದ ಒಂದು ಚಪ್ಪಟೆ ಕಲ್ಲು ಉರುಳಿಸಿ ತಂದು ಬುಡದಲ್ಲಿಟ್ಟೆ. ಕಲ್ಲು ಮೆಟ್ಟಿಲಾಗುತ್ತದೆಯೇ ಎಂಬ ಪ್ರಶ್ನೆ ಸೀಥಾರವರೆಗೂ ಹೋಯಿತು. ಅವರು ಊಟದ ಮಧ್ಯದಲ್ಲಿದ್ದರು. "ಕಾಲಿಟ್ರೆ ಮೆಟ್ಟಿಲು, ಕೂತ್ರೆ ಕಲ್ಲು" ಎಂದು ಹೇಳಿ ಮತ್ತೆ ಅನ್ನಕ್ಕೆ ಕೈ ಹಾಕಿದರು.

ಈಗ ಮುಖ್ಯವಾದ ಸುದ್ದಿ. ಕಳೆದ ಗುರುವಾರ, ಮಾಡಿಗೆ ತಗಡು ಹೊದಿಸಿಯಾಗಿತ್ತು, ಗೋಡೆ ಎರಡೇ ಕಡೆ ಎದ್ದಿತ್ತು, ನಿಮ್ಮಮ್ಮ ಬಂದರು. ಹಿಂದೆ ತೊಂಗ್‌ಮೀ ಚಾಪೆ, ಎಲೆಅಡಿಕೆ ಪೆಟ್ಟಿಗೆ, ಮಣ್ಣಿನ ಒಲೆ, ಬುಟ್ಟಿಯಲ್ಲಿ ಐದು ಬಾತುಕೋಳಿ ಹೊತ್ತು ತರುತ್ತಿದ್ದ. ಏನತ್ತೆ ಇದು ಅಂದೆ. "ನನ್ನ ಬಟ್ಟೆ ಇಲ್ಲೇ ಇದೆಯಲ್ಲಪ್ಪ. ನಾನೊಬ್ಬಳು ಅಲ್ಲ್ಯಾಕಿರ್ಲಿ? ಆ ಮನೇಲಿ ಗೋಡೆ ಜೊತೆ ಮಾತಾಡಿ ಸಾಕಾಯ್ತು. ಇಲ್ಲಿ ಗೋಡೆನೂ ಪೂರ್ತಿ ಇಲ್ಲ, ನೀನೇ ಮಾತಾಡ್ಬೇಕಾಗುತ್ತೆ" ಅಂದರು.

ಮೂವತ್ತೊಂದು ವರ್ಷ ನಾನು ಅವರ ಮನೆಯಲ್ಲಿ ಮನೆಅಳಿಯ. ಈಗ ಅವರು ನನ್ನ ಮನೆಯಲ್ಲಿ ಮನೆಅತ್ತೆ. ಬೆಳಿಗ್ಗೆ ನಾನು ಮೊಳೆ ಹೊಡೆಯುವಾಗ ಕೆಳಗೆ ಕೂತು, ಮೊಳೆ ಸೊಟ್ಟಗೆ ಹೋಯಿತೆಂದು ಸದ್ದಿನಿಂದಲೇ ಹೇಳುತ್ತಾರೆ. ಹೇಳಿದ್ದು ಒಮ್ಮೆಯೂ ತಪ್ಪಿಲ್ಲ.

ತೊಂಗ್‌ಮೀ ಅವನ ಹೆಂಡತಿಯ ಮನೆಯಲ್ಲಿರುವಾಗ ಅಮ್ಮನನ್ನು ಒಬ್ಬರೇ ಬಿಟ್ಟು ಆ ಮನೆಗೆ ಬರಲಾರೆನೆಂದು ನೀನು ಬರೆದಿದ್ದೆ. ಅಮ್ಮ ಇಲ್ಲಿದ್ದಾರೆ. ಈಗ ಯಾರನ್ನು ಬಿಟ್ಟು ಬರಲಾರೆ, ತಿಳಿಸು. ಜಗಲಿ ಕಿಟಕಿಯನ್ನು ನೀನು ಕೂತರೆ ಹಳ್ಳ ಕಾಣುವಷ್ಟು ಕೆಳಗಿಟ್ಟಿದ್ದೇನೆ. ನಾನು ನಿಂತು ನೋಡಬೇಕಾದರೆ ಬಗ್ಗಬೇಕು. ಪರವಾಗಿಲ್ಲ.

ಈ ಕಾಗದದೊಳಗೆ ಬಿಳಿದಾರವಿದೆ, ಅತ್ತೆಯೇ ಹರಸಿ ಕೊಟ್ಟದ್ದು. ಮಗುವಿನ ಕೈಗೊಂದು, ವಿಲಾಯ್‌ಗೊಂದು ಕಟ್ಟು. ಉಳಿದದ್ದು ನಿನಗೆ. ನಿನ್ನ ಮಂಡಿನೋವು ಕಡಿಮೆಯಾಗಲಿ, ಮಗುವಿಗೆ ಹೊಟ್ಟೆ ತುಂಬ ಹಾಲು, ಕಣ್ತುಂಬ ನಿದ್ದೆ ಸಿಗಲಿ.

ನಿನ್ನ,
ಖಮ್ಮೂನ್

ಮತ್ತೆ: "ನಮ್ಮಮ್ಮನ ಮನೆಯಲ್ಲಿ ನಿಮಗೇನು ಕಡಿಮೆಯಾಗಿತ್ತು?" ಎಂದು ನಿನ್ನ ಕಾಗದದಲ್ಲಿ ಕೇಳಿದ್ದೀಯ. ಇಷ್ಟುದ್ದ ಬರೆದೂ ಅದಕ್ಕೆ ಉತ್ತರ ಹೇಳಲಿಲ್ಲ. ಏನೂ ಕಡಿಮೆಯಾಗಿರಲಿಲ್ಲ. ಮದುವೆಯಾದ ಮರುವರ್ಷ, ನೀವೆಲ್ಲ ನಾಟಿಗೆ ಹೋಗಿದ್ದ ದಿನ, ನಮ್ಮಪ್ಪ ಬಂದಿದ್ದ. ಎರಡು ದಿನ ನಡೆದು ಬಂದಿದ್ದ, ಮಂಡಿಯವರೆಗೆ ಕೆಸರು. ಮೇಲೆ ಜಗಲಿಯಲ್ಲಿ ಮಾವನವರ ಪೇಟೆಯ ನೆಂಟರು ಕೂತಿದ್ದರು. ಬರಿಗೈಲಿ ಬಂದು ಸೇರಿಕೊಂಡ ಅಳಿಯನೆಂದು ಆಗಷ್ಟೇ ನನ್ನನ್ನು ಹಾಸ್ಯ ಮಾಡಿ ಮುಗಿಸಿದ್ದರು. ಅವರಲ್ಲೊಬ್ಬರು, "ಯಾರಯ್ಯಾ ಅದು?" ಎಂದು ಕೇಳಿದರು. ನಾನು, "ನಮ್ಮೂರ ಕಡೆಯೋರು, ಎಮ್ಮೆ ಕೊಳ್ಳೋಕೆ ಬಂದಿದ್ದಾರೆ" ಅಂದೆ. ಅಪ್ಪನಿಗೆ ಕೇಳಿಸಿತು. "ಹೌದು, ಎಮ್ಮೆ ನೋಡೋಣ ಅಂತ ಬಂದೆ" ಅಂದ. ಮನೆಯ ಕೆಳಗೆ, ಕಂಬಗಳ ನಡುವೆ ಕಟ್ಟಿದ್ದ ಎಮ್ಮೆಯ ಹತ್ತಿರ ಹೋಗಿ, ಅದರ ಬೆನ್ನು ಸವರಿ, ಬಾಯಿ ತೆರೆಸಿ ಹಲ್ಲು ನೋಡಿದ. "ಒಳ್ಳೆ ಎಮ್ಮೆ. ನನಗೆ ಎಟುಕಲ್ಲ" ಎಂದು ಹೊರಟುಹೋದ. ಮತ್ತೆ ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ ಸತ್ತ, ಅದು ನಿನಗೆ ಗೊತ್ತು.

ತಪ್ಪು ನಿಮ್ಮ ಮನೆಯದಲ್ಲ, ನನ್ನದು. ಆದರೆ ಆ ಮೆಟ್ಟಿಲು ಹತ್ತುವಾಗೆಲ್ಲ ನನಗೆ ಅದೇ ನೆನಪು. ಮೊನ್ನೆ ಯಾರೂ ಇಲ್ಲವೆಂದು ತಿಳಿದು, ಹೊಸ ಮನೆಯ ಜಗಲಿಯಲ್ಲಿ ನಿಂತು "ಅಪ್ಪಾ, ಮೇಲೆ ಬಾ" ಅಂದೆ. ಕೆಳಗಿನಿಂದ ನಿಮ್ಮಮ್ಮ, "ಯಾರಪ್ಪಾ ಬಂದಿದ್ದು?" ಎಂದು ಕೇಳಿದರು. "ನಮ್ಮಪ್ಪ" ಅಂದೆ. ಅವರು ನಿಧಾನವಾಗಿ ಮೇಲೆ ಬಂದು, ಜಗಲಿಯಲ್ಲಿ ಚಾಪೆ ಹಾಸಿ, ಒಂದು ಬಟ್ಟಲು ನೀರು ಇಟ್ಟು ಹೋದರು.